ವಿದ್ಯಾರ್ಥಿಗಳಿಗೆ ಪ್ರವೇಶವಿಲ್ಲ

ಜೂನ್ 4

ಅಕ್ಕಾ,

ನಿನ್ನೆ ಅಮ್ಮನ ಜೊತೆ ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ವಾರ್ಡಿನಿಂದ ಕರೆ ಬಂತು, ಇಟ್ಟುಬಿಟ್ಟೆ. ಆಮೇಲೆ ನೀನು ತಿಳಿಸಿದ ಅವಳ ಮಾತು ಮುಟ್ಟಬೇಕಾದ ಕಡೆಗೇ ಮುಟ್ಟಿತು. "ಫೋನಲ್ಲಿ ಅವ್ನು ಡಾಕ್ಟರಾಗಿಬಿಡ್ತಾನೆ. ಕಾಗದ ಬರಿಯೋಕೆ ಹೇಳು, ಅದರಲ್ಲಾದ್ರೂ ಮಗ ಇರ್ತಾನೆ." ಆಯಿತು, ಬರೆಯುತ್ತಿದ್ದೇನೆ. ಓದಿ ಹೇಳು ಅವಳಿಗೆ.

ಜ್ವರ ಇಷ್ಟು ದಿನ ಬಿಟ್ಟಿಲ್ಲವೆಂದು ಗಾಬರಿಯಾಗಬೇಡಿ. ಅಮ್ಮನನ್ನು ಸೇರಿಸಿರುವುದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ, ಅಲ್ಲಿನ ದೊಡ್ಡ ಡಾಕ್ಟರು ಹಾಸ್ಟೆಲ್ಲಿನಲ್ಲಿ ನನ್ನ ಸೀನಿಯರ್. ನನ್ನ ಭಯವಿದ್ದದ್ದು ಅಮ್ಮನ ಹೃದಯದ ಬಗ್ಗೆ. ಚಿಕ್ಕಂದಿನಿಂದ ಅವಳ ಒಂದು ಕವಾಟ ಸರಿಯಿಲ್ಲ, ಅಂಥ ಕಡೆ ಸೋಂಕು ಹೋಗಿ ಕೂತರೆ ಕಷ್ಟ. ಆದರೆ ರಕ್ತದ ಪರೀಕ್ಷೆಯಲ್ಲಿ ಯಾವ ರೋಗಾಣುವೂ ಬೆಳೆದಿಲ್ಲವಂತೆ, ಸ್ಕ್ಯಾನಿನಲ್ಲೂ ಏನೂ ಕಂಡಿಲ್ಲವಂತೆ. ಆಸ್ಪತ್ರೆಗೆ ಸೇರುವ ಮೊದಲು ಯಾವುದಾದರೂ ಮಾತ್ರೆ ನುಂಗಿದ್ದಳಾ? ಕೆಲವು ಮಾತ್ರೆ ನುಂಗಿದ್ದರೆ ಆ ರಕ್ತಪರೀಕ್ಷೆಯನ್ನು ನಂಬುವ ಹಾಗಿಲ್ಲ. ಮರೆಯದೆ ಬರಿ.

ಇಲ್ಲಿ ನನಗೊಂದು ಹೊಸ ತಲೆನೋವು. ಕಾಲೇಜಿನ ಎಲ್ಲ ಡಾಕ್ಟರುಗಳ ಮುಂದೆ ನಾನೊಂದು ಉಪನ್ಯಾಸ ಕೊಡಬೇಕಂತೆ. ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಹೇಗೆ ಅಂತ. ಪ್ರಿನ್ಸಿಪಾಲರು ಹಿಡಿದಿದ್ದು ನನ್ನನ್ನೇ, ಏಕೆಂದರೆ ನನ್ನ ರೌಂಡ್ಸು ಚುರುಕಂತೆ. ಸುಳ್ಳಲ್ಲ. ರೋಗಿಯ ಪಕ್ಕ ನಿಂತು ಒಂದು ಪ್ರಶ್ನೆ, ಒಂದು ಉತ್ತರ, ಒಂದು ತಿದ್ದುಪಡಿ, ಮುಂದಿನ ಹಾಸಿಗೆ. ಒಬ್ಬಳು ಮಾತ್ರ ನನ್ನ ವೇಗಕ್ಕೆ ಬರುವುದಿಲ್ಲ. ಡಾಕ್ಟರಾಗಿ ಆಗಿದೆ, ಈಗ ನನ್ನ ಕೈಕೆಳಗೆ ತಜ್ಞೆಯಾಗಲು ಕಲಿಯುತ್ತಿದ್ದಾಳೆ. ಒಬ್ಬ ರೋಗಿಯ ಹತ್ತಿರ ಕೂತಳೆಂದರೆ ಅವನ ಮೊಮ್ಮಗಳ ಸ್ಕೂಲು ಯಾವುದು ಅನ್ನುವವರೆಗೆ ಏಳುವುದಿಲ್ಲ. ತಮಾಷೆಗೆ ಒಂದು ದಿನ 'ಆಮೆ' ಅಂದೆ, ಈಗ ವಾರ್ಡಿಗೆ ವಾರ್ಡೇ ಹಾಗೆ ಕರೆಯುತ್ತದೆ. ಅವಳೂ ನಗುತ್ತಾಳೆ, ಪಾಪ, ಒಳ್ಳೆಯ ಹುಡುಗಿ.

ನನಗೊಂದು ಉಪಕಾರ ಮಾಡು. ಹಾಸಿಗೆಯಲ್ಲಿ ಮಲಗಿದವರಿಗೆ ಈ ಪಾಠ ಹೇಗೆ ಕಾಣುತ್ತದೆ ಅಂತ ಅಮ್ಮನನ್ನು ಕೇಳಿ ಬರಿ. ಉಪನ್ಯಾಸಕ್ಕೆ ನಾಲ್ಕು ಮಾತು ಸಿಕ್ಕಿದ ಹಾಗಾಗುತ್ತದೆ.

ನಿನ್ನ ತಮ್ಮ

*

ಜೂನ್ 9

ತಮ್ಮಾ,

ನಿನ್ನ ಕಾಗದವನ್ನು ಅಮ್ಮ ಎರಡು ಸಲ ಓದಿಸಿದಳು. ಎರಡನೇ ಸಲ ಪಕ್ಕದ ಹಾಸಿಗೆಯವರಿಗೂ ಕೇಳುವಷ್ಟು ಜೋರಾಗಿ ಓದಬೇಕಾಯಿತು.

ಪಾಠ ಹೇಗೆ ಕಾಣುತ್ತದೆ ಅಂದೆಯಲ್ಲ, ಕೇಳು. ಮೊನ್ನೆ ಹದಿನಾಲ್ಕು ಜನ ಸಾಲಾಗಿ ನಿಂತು ಅಮ್ಮನ ಎದೆ ಕೇಳಿದರು, ಸಿನಿಮಾ ಟಿಕೆಟ್ಟಿಗೆ ನಿಂತ ಹಾಗೆ. ಪರದೆ ಎಳೆದರೆ ಅರ್ಧ ಹಾಸಿಗೆಗೆ ಬರುತ್ತದೆ, ಇನ್ನರ್ಧಕ್ಕೆ ನಾನೇ ಪರದೆ. ಅಂಗಿಯ ಗುಂಡಿ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಅಮ್ಮನಿಗೆ ಸಾಕಾಗಿಹೋಯಿತು. "ನಿನ್ ಹೊಲಿಗೆ ಅಂಗಡಿ ಇದ್ದು ಏನುಪಯೋಗ? ಇದಕ್ಕೊಂದು ಜಿಪ್ ಹಾಕ್ಕೊಡೇ" ಅಂದಳು. ಒಬ್ಬ ಹುಡುಗ ಎದೆ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿ ನಿಂತ.

"ಏನಪ್ಪಾ, ಕೇಳಿಸ್ತಾ?"

"ಹೂಂ ಅಜ್ಜಿ, ಚೆನ್ನಾಗಿ ಕೇಳಿಸ್ತು."

"ಕಿವಿಗೇ ಹಾಕ್ಕೊಂಡಿಲ್ವಲ್ಲೋ!"

ದೊಡ್ಡ ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ಆದರೆ ಆ ಮನುಷ್ಯ ಗದರಿದರೆ ಹುಡುಗರ ಬಣ್ಣವೇ ಇಳಿದುಹೋಗುತ್ತದೆ. ನಿನ್ನ ಜಾತಿಯವನೇ ಇರಬೇಕು.

ಒಬ್ಬ ಹುಡುಗಿ ಇದ್ದಾಳೆ. ಅವಳ ಬಿಳಿ ಕೋಟು ಮೊಣಕಾಲು ದಾಟಿ ಇಳಿಯುತ್ತದೆ, ಅದಕ್ಕೆ ಅಮ್ಮ ಅವಳಿಗೆ 'ಉದ್ದ ಕೋಟು' ಅಂತ ಹೆಸರಿಟ್ಟಿದ್ದಾಳೆ. ದಿನಾ ಸಂಜೆ ಬರುತ್ತಾಳೆ, ಒಬ್ಬಳೇ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟುತ್ತಾಳೆ. ಒಂದು ಕುರ್ಚಿ ಎಳೆದುಕೊಂಡು ತಲೆಯಿಂದ ಕಾಲಿನವರೆಗೆ ನೋಡಿ, ಎದೆ ಕೇಳಿ, ಪುಸ್ತಕ ನೋಡಿ, ಮತ್ತೆ ಕೇಳಿ, ಒಂದು ಗಂಟೆ ತೆಗೆದುಕೊಳ್ಳುತ್ತಾಳೆ. ನಿನ್ನ ಆಮೆಯ ತಂಗಿ ಇರಬಹುದು. ಅಮ್ಮ ಅವಳಿಗೆ ಮನೆಯ ಕಥೆಯೆಲ್ಲ ಹೇಳಿಬಿಟ್ಟಿದ್ದಾಳೆ, ನೀನು ನಾಲ್ಕನೇ ಕ್ಲಾಸಿನಲ್ಲಿ ಚಡ್ಡಿ ಒದ್ದೆ ಮಾಡಿಕೊಂಡದ್ದೂ ಸೇರಿಸಿ. ನಿನ್ನ ಉಪನ್ಯಾಸಕ್ಕೆ ಅಮ್ಮನ ಮಾತು ಇಷ್ಟು: "ಮೊದ್ಲು ಕೂತ್ಕೊಳ್ಳಿ ಅಂತ ಹೇಳು. ನಿಂತವ್ರಿಗೆ ಯಾರೂ ನಿಜ ಹೇಳಲ್ಲ."

ನೀನು ಕೇಳಿದ ಮಾತ್ರೆ: ತಲೆನೋವಿನದ್ದು ಒಂದೆರಡು ನುಂಗಿದ್ದಳು, ಅಷ್ಟೇ. ಜ್ವರ ಮಾತ್ರ ಸಂಜೆಯಾದರೆ ಹಾಜರು.

ನಿನ್ನ ಅಕ್ಕ

*

ಜೂನ್ 13

ಅಕ್ಕಾ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಹದಿನಾಲ್ಕು ಜನ! ಪರದೆಯೂ ಇಲ್ಲದೆ! ಅದನ್ನು ನೀನು ತಮಾಷೆಯ ಹಾಗೆ ಬರೆದಿದ್ದೀಯಲ್ಲ, ನನ್ನನ್ನು ನೋಯಿಸಬಾರದೆಂದು ತಾನೇ? ಅಮ್ಮನ ನಗುವನ್ನು ನಾನು ಅರಿಯೆನೇ? ಅವಳಿಗೆ ಅವಮಾನವಾದಾಗಲೇ ಜೋರಾಗಿ ನಗುವುದು. ಗುಂಡಿ, ಜಿಪ್ಪು ಎಲ್ಲ ಅದೇ. ಓದುವಾಗ ನನ್ನ ಕಣ್ಣು ಮಂಜಾಯಿತು.

ನಿನ್ನೆಯೇ ನನ್ನ ಸೀನಿಯರಿಗೆ ಫೋನು ಮಾಡಿ ನೇರವಾಗಿ ಹೇಳಿದೆ. ನನ್ನ ಅಮ್ಮ ಪಾಠದ ಕಪ್ಪು ಹಲಗೆಯಲ್ಲ, ವಿದ್ಯಾರ್ಥಿಗಳು ಅವಳನ್ನು ಮುಟ್ಟಕೂಡದು, ಪ್ರತ್ಯೇಕ ಕೋಣೆ ಕೊಡಿ, ನೀವೇ ನೋಡಿ ಅಂತ. ಅವರು ಮರುಮಾತಾಡದೆ ಒಪ್ಪಿದರು. ಡಾಕ್ಟರುಗಳ ನಡುವೆ ಅಷ್ಟು ಮರ್ಯಾದೆ ಇನ್ನೂ ಇದೆ. ಆ ಉದ್ದ ಕೋಟಿನವಳೂ ಅಷ್ಟೇ, ಅವಳಿಗೆ ಪರೀಕ್ಷೆಗೊಂದು ಕೇಸು ಬೇಕು, ಅಮ್ಮ ಸಿಕ್ಕಿದ್ದಾಳೆ. ಪ್ರೀತಿಯೆಂದು ತಪ್ಪು ತಿಳಿಯಬೇಡಿ.

ಇಲ್ಲಿ ಕೆಲಸ ವಿಪರೀತ. ನಿನ್ನೆ ಒಬ್ಬ ಮುದುಕಪ್ಪನ ಹೊಟ್ಟೆಯಲ್ಲಿ ಗುಲ್ಮ, ಅಂದರೆ ಎಡ ಪಕ್ಕೆಲುಬಿನ ಕೆಳಗಿರುವ ಅಂಗ, ಎಷ್ಟು ದೊಡ್ಡದಾಗಿತ್ತೆಂದರೆ ಇಡೀ ಬ್ಯಾಚಿಗೆ ಮುಟ್ಟಿಸಿ ತೋರಿಸಿದೆ. ಅಂಥದ್ದು ವರ್ಷಕ್ಕೊಮ್ಮೆ ಸಿಗುವುದು. ಆಮೆ ಮಾತ್ರ ಮುಟ್ಟಲಿಲ್ಲ. "ಅವ್ರಿಗೆ ನೋವಾಗ್ತಿದೆ ಸರ್, ಸಾಕು" ಅಂದಳು, ಎಲ್ಲರ ಮುಂದೆ. ನಾನು "ನಿನ್ನ ದಯೆಗೆ ಪರೀಕ್ಷೆಯಲ್ಲಿ ಮಾರ್ಕ್ಸ್ ಕೊಡಲ್ಲ" ಅಂದೆ. ಎಲ್ಲರೂ ನಕ್ಕರು. ಅವಳು ಈ ಸಲ ನಗಲಿಲ್ಲ, ತಲೆನೋವಿರಬೇಕು.

ಅಮ್ಮನಿಗೆ ಹೇಳು, ಇನ್ನು ಯಾರೂ ತೊಂದರೆ ಕೊಡುವುದಿಲ್ಲ.

ನಿನ್ನ ತಮ್ಮ

*

ಜೂನ್ 20

ತಮ್ಮಾ,

ನಿನ್ನ ಕಾಗದ ಬರುವ ಮೊದಲೇ ನಮ್ಮನ್ನು ಕೋಣೆಗೆ ಸಾಗಿಸಿದ್ದರು. ಏಕೆಂದು ಗೊತ್ತಾಗದೆ ನಾನು ದೊಡ್ಡ ಡಾಕ್ಟರ ಹಿಂದೆ ಹಿಂದೆ ಹೋಗಿ ಕೇಳಿದೆ. "ನಿಮ್ಮ ತಮ್ಮನೇ ಹೇಳಿದ್ದಮ್ಮಾ" ಅಂದರು. ಬಂದ ದಾರಿಯಲ್ಲೇ ವಾಪಸು ಬಂದೆ.

ಕೋಣೆ ಚೆನ್ನಾಗಿದೆ. ಕಿಟಕಿಗೆ ಹಸಿರು ಬಟ್ಟೆ, ಗೋಡೆಗೆ ಗಡಿಯಾರ, ನನಗೆ ಮಲಗಲು ಒಂದು ಬೆಂಚು. ಬಾಗಿಲಿಗೆ 'ವಿದ್ಯಾರ್ಥಿಗಳಿಗೆ ಪ್ರವೇಶವಿಲ್ಲ' ಅಂತ ಬೋರ್ಡು. ಬೆಳಿಗ್ಗೆ ದೊಡ್ಡ ಡಾಕ್ಟರು ಬಂದು ಬಾಗಿಲ ಹತ್ತಿರವೇ ನಿಂತು "ಹೇಗಿದ್ದೀರಾ ಅಮ್ಮಾ?" ಅನ್ನುತ್ತಾರೆ. ಅಮ್ಮ "ಇದ್ದೀನಿ" ಅನ್ನುತ್ತಾಳೆ. ನಿನ್ನನ್ನು ವಿಚಾರಿಸಿ ಹೋಗುತ್ತಾರೆ. ಅವರ ಹಿಂದೆ ಬರುವ ಡಾಕ್ಟರು ಚಾರ್ಟು ನೋಡಿ ಬರೆದುಕೊಳ್ಳುತ್ತಾರೆ. ಡಾಕ್ಟರ ತಾಯಿ ಅಂತ ಯಾರಿಗೂ ಮೈ ಮುಟ್ಟಲು ಸಂಕೋಚ. ಅಷ್ಟು ಮರ್ಯಾದೆ.

ಅಮ್ಮನಿಗೆ ಹಿಡಿಸಿಲ್ಲ. "ನಾನೇನ್ ತಪ್ಪು ಮಾಡ್ದೆ ಅಂತ ಒಳಗೆ ಹಾಕಿದ್ರು?" ಅಂತ ಕೇಳಿದಳು. ಆ ನಗು ಅವಮಾನದ್ದಲ್ಲ ಕಣೋ. ವಾರ್ಡಿನಲ್ಲಿ ಅವಳಿಗೆ ಕೆಲಸವಿತ್ತು, ಇಲ್ಲಿ ಕಾಯಿಲೆ ಮಾತ್ರ ಇದೆ. ಹಾಗಂತ ನಿನಗೆ ನೋವು ಮಾಡಲು ಬರೆಯುತ್ತಿಲ್ಲ. ನೀನು ಒಳ್ಳೆಯದಕ್ಕೇ ಮಾಡಿದೆ. ಆದರೂ ಸಾಧ್ಯವಾದರೆ ಇನ್ನೊಂದು ಸಲ ಅವರಿಗೆ ಫೋನು ಮಾಡಿ ವಾರ್ಡಿಗೇ ಹಾಕಿ ಅಂತ ಹೇಳುತ್ತೀಯಾ? ನಾನು ಹೇಳಿದರೆ "ನಿಮ್ಮ ತಮ್ಮನ್ನ ಕೇಳಿ" ಅನ್ನುತ್ತಾರೆ.

ಉದ್ದ ಕೋಟು ಇಲ್ಲಿಗೆ ಬರುವ ಹಾಗಿಲ್ಲ. ಅವಳ ಇನ್ನೊಂದು ಕೋಟನ್ನು ನಾನು ಅಂಚು ಮಡಿಚಿ ಹೊಲಿದಿಟ್ಟಿದ್ದೇನೆ, ಕೊಡಲಾಗಿಲ್ಲ. ಕೋಣೆಗೆ ಬರುವ ಹಿಂದಿನ ಸಂಜೆ ಅಮ್ಮನ ಕೈ ಹಿಡಿದು ಉಗುರು ನೋಡುತ್ತಾ ಕೂತಿದ್ದಳು. ಉಗುರಿನ ಕೆಳಗೆ ಕಪ್ಪು ಗೀರು ಇದೆಯಂತೆ. ಬಾಗಿಲಿಗೆ ಸಿಕ್ಕಿರಬೇಕು ಅಂದೆ ನಾನು. ಈಗ ಇನ್ನೊಂದು ಬೆರಳಿಗೂ ಬಂದಿದೆ.

ಅಮ್ಮ ಊಟ ಕಡಿಮೆ ಮಾಡಿದ್ದಾಳೆ. ಉಪನ್ಯಾಸ ಚೆನ್ನಾಗಿ ಆಗಲಿ.

ನಿನ್ನ ಅಕ್ಕ

*

ಜೂನ್ 22

ಅಕ್ಕಾ,

ಮುಗಿಯಿತು! ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ ನಿದ್ದೆ ಮಾಡಲೆಂದೇ ಬರುವ ಇಬ್ಬರು ಪ್ರೊಫೆಸರುಗಳೂ ಎದ್ದಿದ್ದರು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಹೇಗೆ, ತಪ್ಪು ಉತ್ತರವನ್ನು ರೋಗಿಯ ಮುಂದೆ ತಿದ್ದುವುದು ಹೇಗೆ, ಕೈ ಹಿಡಿದು ಕಲಿಸುವುದು ಯಾವಾಗ, ಕೈ ಬಿಡುವುದು ಯಾವಾಗ, ಎಲ್ಲ ಹೇಳಿದೆ. ಕೊನೆಗೆ ಅಮ್ಮನ ಮಾತು ಹೇಳಿದೆ, "ನಿಂತವರಿಗೆ ಯಾರೂ ನಿಜ ಹೇಳುವುದಿಲ್ಲ" ಅಂತ. ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಅದಕ್ಕೇ! ಯಾರ ಮಾತು ಅಂತ ಕೇಳಿದರು. ನನ್ನ ಒಬ್ಬ ರೋಗಿಯದು ಅಂದೆ. ನನ್ನ ಅಮ್ಮ ಹಾಸಿಗೆ ಹಿಡಿದಿದ್ದಾಳೆ ಅನ್ನಲು ಮನಸ್ಸು ಬರಲಿಲ್ಲ.

ಪ್ರಿನ್ಸಿಪಾಲರು ಕೈ ಕುಲುಕಿದರು. ಆಮೆ ಬಂದಿರಲಿಲ್ಲ, ರಜೆಯಲ್ಲಿದ್ದಾಳಂತೆ. ಕೇಳಬೇಕಾದವಳು ಅವಳೇ.

ನಿನ್ನ ಕಾಗದ ಈ ವಾರ ಬಂದಿಲ್ಲ. ಅಂದರೆ ಅಲ್ಲಿ ಎಲ್ಲ ಸರಿಯಾಗಿದೆ ಅಂತಲೇ ತಿಳಿದುಕೊಂಡಿದ್ದೇನೆ. ಕೋಣೆಯಲ್ಲಿ ಅಮ್ಮನಿಗೆ ನೆಮ್ಮದಿಯಾಗಿ ನಿದ್ದೆ ಬರುತ್ತಿರಬೇಕು.

ನಿನ್ನ ತಮ್ಮ

*

ಜುಲೈ 9

ಅಕ್ಕಾ,

ಅಮ್ಮನ ಹತ್ತಿರ ಎರಡು ವಾರವಿದ್ದು ಇಲ್ಲಿಗೆ ಬಂದು ತಲುಪಿದೆ. ಅಮ್ಮನಿಗೆ ಹೀಗಾಯಿತೆಂದು ನಿನ್ನ ಫೋನು ಬಂದ ಬೆಳಿಗ್ಗೆ ಹೇಗೆ ಬಿಟ್ಟುಹೋಗಿದ್ದೆನೋ ಹಾಗೇ ಇತ್ತು ಮನೆ, ಕುಡಿದ ಲೋಟ ಸಹ ಮೇಜಿನ ಮೇಲೆ. ಬಾಗಿಲ ಕೆಳಗೆ ನಿನ್ನ ಜೂನ್ ಇಪ್ಪತ್ತರ ಕಾಗದ ಬಿದ್ದಿತ್ತು. ಚಪ್ಪಲಿ ಬಿಡದೆ ಓದಿದೆ.

ಉಗುರಿನ ಗೀರು. ಆ ಸಾಲನ್ನು ಎಷ್ಟು ಸಲ ಓದಿದೆನೋ. ಮೂರನೇ ವರ್ಷದ ಹುಡುಗರಿಗೆ ನಾನು ಹೇಳಿಕೊಡುವ ಪಾಠ ಅದು. ಕೆಟ್ಟ ಕವಾಟ, ಬಿಡದ ಜ್ವರ, ಉಗುರಿನ ಕೆಳಗೆ ಗೀರು ಅಂದರೆ ಸೋಂಕು ಹೃದಯದಲ್ಲೇ ಕೂತಿದೆ ಅಂತ. ಅಲ್ಲಿಂದ ಒಂದು ಚೂರು ಕಿತ್ತು ರಕ್ತದಲ್ಲಿ ಹೊರಟರೆ ಎಲ್ಲಿಗೆ ಬೇಕಾದರೂ ಹೋಗಬಹುದು. ಅಮ್ಮನಲ್ಲಿ ಅದು ಮೆದುಳಿಗೆ ಹೋಯಿತು, ಬಲಗೈಯನ್ನೂ ಮಾತನ್ನೂ ತೆಗೆದುಕೊಂಡಿತು. ಒಂದು ವಾರ ಮೊದಲೇ ಸರಿಯಾದ ಔಷಧಿ ಶುರುವಾಗಿದ್ದರೆ ತಪ್ಪುತ್ತಿತ್ತೇ? ತಪ್ಪಬಹುದಿತ್ತು. ಡಾಕ್ಟರಾಗಿ ಇದಕ್ಕಿಂತ ಹೆಚ್ಚು ಹೇಳಲಾರೆ, ಮಗನಾಗಿ ಇದಕ್ಕಿಂತ ಕಡಿಮೆ ಹೇಳಲಾರೆ.

ಅಲ್ಲಿದ್ದಾಗ ನಿನಗೆ ಒಂದು ವಿಷಯ ಹೇಳಲಿಲ್ಲ. ಅಮ್ಮನನ್ನು ಮತ್ತೆ ವಾರ್ಡಿಗೆ ತಂದ ದಿನ ನೀನು ಔಷಧಿ ಅಂಗಡಿಗೆ ಹೋಗಿದ್ದೆ. ನನ್ನ ಸೀನಿಯರ್ ವಿದ್ಯಾರ್ಥಿಗಳನ್ನೆಲ್ಲ ವರಾಂಡಕ್ಕೆ ಕರೆದರು. ನಾನೂ ಹಿಂದೆ ಹೋಗಿ ನಿಂತೆ. ಉದ್ದ ಕೋಟಿನ ಹುಡುಗಿಯನ್ನು ಮುಂದೆ ಬರಲು ಹೇಳಿ, ನೀನೇನು ನೋಡಿದ್ದೆ ಅಂತ ಕೇಳಿದರು.

"ಉಗುರಲ್ಲಿ ಗೀರು ನೋಡಿದ್ದೆ ಸರ್. ಎದೆ ಸದ್ದೂ ಮೊದಲ್ನೇ ವಾರದ ಹಾಗಿರ್ಲಿಲ್ಲ. ದಿನಾ ಕೇಳ್ತಿದ್ನಲ್ಲ, ಬದಲಾಗಿದೆ ಅನ್ನಿಸ್ತು."

"ಯಾಕೆ ಹೇಳ್ಲಿಲ್ಲ?"

"ಬೆಳಿಗ್ಗೆ ರೌಂಡ್ಸಲ್ಲಿ ಹೇಳೋಣ ಅಂತಿದ್ದೆ. ಬೆಳಿಗ್ಗೆ ಬಂದ್ರೆ ಅಜ್ಜಿ ಹಾಸಿಗೇಲಿ ಇರ್ಲಿಲ್ಲ. ಕೋಣೆ ಹತ್ರ ಹೋದೆ ಸರ್, ಬೋರ್ಡಿತ್ತು."

"ನನ್ನ ಹತ್ರ ಬರಬಹುದಿತ್ತಲ್ಲ? ನಾನೇನು ಹುಲಿಯಾ?"

ಹುಡುಗಿ ನೆಲ ನೋಡುತ್ತಾ ಹೇಳಿದಳು: "ಹೋದ ತಿಂಗಳು ಬೇರೆ ರೋಗಿ ಬಗ್ಗೆ ಬಂದು ಹೇಳಿದ್ದೆ ಸರ್. ಸರಿಯಾಗಿ ಗೊತ್ತಿಲ್ದೆ ಬಾಯಿ ಹಾಕ್ಬೇಡ ಅಂದಿದ್ರಿ. ನಂಗೆ ಇದೂ ಸರಿಯಾಗಿ ಗೊತ್ತಿರ್ಲಿಲ್ಲ."

ನನ್ನ ಸೀನಿಯರ್ ಕನ್ನಡಕ ತೆಗೆದು ಒರೆಸಿದರು. "ಬೋರ್ಡು ಹಾಕ್ಸಿದ್ದು ನಾನು. ಇವಳ ಬಾಯಿ ಮುಚ್ಸಿದ್ದೂ ನಾನು. ಇವತ್ತಿನ ಪಾಠ ಇಷ್ಟೇ, ಹೋಗಿ" ಅಂದರು. ಬೋರ್ಡು ಯಾರು ಹಾಕಿಸಿದ್ದೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ ಅವರು. ಹುಡುಗರೆಲ್ಲ ಅವರನ್ನೇ ನೋಡುತ್ತಿದ್ದರು. ನಾನು ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದೆ ಅಕ್ಕಾ. "ನಾನು" ಅನ್ನುವುದು ಎರಡೇ ಅಕ್ಷರ. ಬರಲಿಲ್ಲ.

ಆಮೇಲೆ ಒಳಗೆ ಬಂದೆ, ನೀನು ಬಂದೆ, ನಾವು ಔಷಧಿಯ ಬಿಲ್ಲು ನೋಡುತ್ತಾ ಕೂತೆವು.

ಇಲ್ಲಿ ಆಮೆ ಬೇರೆ ಯೂನಿಟ್ಟಿಗೆ ವರ್ಗ ಕೇಳಿ ಅರ್ಜಿ ಕೊಟ್ಟಿದ್ದಾಳೆ. ಕಾರಣದ ಜಾಗದಲ್ಲಿ 'ವೈಯಕ್ತಿಕ' ಅಂತಿದೆ. ನಾನು ಸಹಿ ಹಾಕಿದೆ. ನಾನೂ ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಪಾಠ ಹೇಳುವ ಕೆಲಸ ಬಿಡುತ್ತೇನೆ. ಎಲ್ಲಾದರೂ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡಿಕೊಂಡಿರುತ್ತೇನೆ. ಕಲಿಸುವ ಯೋಗ್ಯತೆ ನನಗಿಲ್ಲ.

ಈ ಕಾಗದವನ್ನು ಅಮ್ಮನಿಗೆ ಓದಬೇಡ.

ತಮ್ಮ

*

ಜುಲೈ 17

ತಮ್ಮಾ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಮೊದಲು ಸಿಟ್ಟು ಬಂತು, ಅದು ಇಳಿಯಲಿ ಅಂತ ಕಾದೆ. ಪೂರ್ತಿ ಇಳಿದಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಪಾಠ ಹೇಳುವುದು ಬಿಡುತ್ತೀಯಾ? ಯಾರಿಗೆ ಲಾಭ ಅದರಿಂದ? ನನ್ನ ಅಂಗಡಿಯಲ್ಲಿ ಬಟ್ಟೆ ತಪ್ಪಾಗಿ ಕತ್ತರಿಸಿದರೆ ಗಿರಾಕಿಯ ಮುಂದೆ ನಿಂತು ಹೇಳಬೇಕು. ಕತ್ತರಿ ಬಿಸಾಕಿ ಬೇರೆ ಊರಿಗೆ ಹೋಗಿಬಿಟ್ಟರೆ ಗಿರಾಕಿಯ ಬಟ್ಟೆ ಸರಿಹೋಗುತ್ತದೆಯೇ? ನಿನ್ನ ಸೀನಿಯರನ್ನು ನೋಡು. ಗದರುವ ಮನುಷ್ಯ, ನನಗೆ ಇಷ್ಟವೂ ಇಲ್ಲ. ಆದರೆ ಅವತ್ತು ಹುಡುಗರ ಮುಂದೆ ನಿಂತನಲ್ಲ. ಮಾರನೇ ದಿನವೂ ರೌಂಡ್ಸಿಗೆ ಬಂದ. ಈಗ ಆ ಹುಡುಗಿಯ ಮಾತು ಮುಗಿಯುವವರೆಗೆ ಕಾಯುತ್ತಾನೆ. ಕಾಯುವುದು ಅವನಿಗೆ ಎಷ್ಟು ಕಷ್ಟವೆಂದು ಅವನ ಕಾಲು ನೋಡಿದರೆ ಗೊತ್ತಾಗುತ್ತದೆ, ನೆಲ ಕುಟ್ಟುತ್ತಲೇ ಇರುತ್ತದೆ. ಆದರೂ ಕಾಯುತ್ತಾನೆ.

ಇನ್ನು ನನ್ನದು. ಅಮ್ಮನಿಗೆ ಜ್ವರ ಬರುವ ಹದಿನೈದು ದಿನ ಮೊದಲು ಹಲ್ಲು ಕೀಳಿಸಿದ್ದೆವು. ಬಸ್ ನಿಲ್ದಾಣದ ಹತ್ತಿರದ ಹಲ್ಲಿನ ಡಾಕ್ಟರ ಹತ್ತಿರ. ಹಲ್ಲಿನ ಗಾಯದಿಂದ ಸೋಂಕು ಹೃದಯಕ್ಕೆ ಹೋಗಬಹುದು, ಹಲ್ಲು ಮುಟ್ಟಿಸುವ ಮೊದಲು ನನ್ನನ್ನು ಕೇಳಿ, ಹೃದಯದ ವಿಷಯ ಅವರಿಗೆ ಹೇಳಿ ಅಂತ ನೀನು ಎಷ್ಟು ಸಲ ಹೇಳಿದ್ದೆ. ಅಂಗಡಿಯಲ್ಲಿ ಸಮವಸ್ತ್ರದ ಕೆಲಸ ತುಂಬಿತ್ತು, ಅಮ್ಮ ನೋವಿನಿಂದ ಅಳುತ್ತಿದ್ದಳು, ಕರೆದುಕೊಂಡು ಹೋದೆ. ಏನೂ ಹೇಳಲಿಲ್ಲ. ಆಮೇಲೆ ಜ್ವರ ಬಂದಾಗ ಅವರೇ ಐದು ದಿನದ ಮಾತ್ರೆ ಕೊಟ್ಟರು. ನೀನು ಮಾತ್ರೆ ಕೇಳಿದಾಗ ಸುಳ್ಳು ಬರೆದೆ. ನೀನು ಬೈಯುತ್ತೀಯ ಅಂತ, ಅಷ್ಟೇ. ಈ ವಯಸ್ಸಿನಲ್ಲಿ ತಮ್ಮನ ಬೈಗುಳಕ್ಕೆ ಹೆದರಿದೆ.

ಉದ್ದ ಕೋಟಿಗೆ ಹಲ್ಲಿನ ವಿಷಯ ಅಮ್ಮನೇ ಹೇಳಿಬಿಟ್ಟಿದ್ದಳು. ಹುಡುಗಿ "ಇದನ್ನ ನಾಳೆ ಸರ್‌ಗೆ ಹೇಳ್ಲೇಬೇಕು ಆಂಟೀ" ಅಂದಳು. ನಾನು ಕೈ ಹಿಡಿದು ಬೇಡ ಅಂದೆ. ಅವಳು ಒಪ್ಪಲಿಲ್ಲ. ಮಾರನೇ ಬೆಳಿಗ್ಗೆ ನಮ್ಮನ್ನು ಕೋಣೆಗೆ ಹಾಕಿದಾಗ ನನಗೆ ಬೇಸರವಾದದ್ದು ನಿಜ. ಒಳಗೊಳಗೇ ಸಮಾಧಾನವಾದದ್ದೂ ನಿಜ. ಅವಳು ಎರಡು ಸಲ ಬಾಗಿಲಿಗೆ ಬಂದಳು. ಬೋರ್ಡು ತೋರಿಸಿ ಕಳಿಸಿದ್ದು ನಾನು. ವರಾಂಡದಲ್ಲಿ ಅವಳು ನಿನ್ನ ಮುಂದೆ ಇದ್ಯಾವುದನ್ನೂ ಹೇಳಲಿಲ್ಲ ಅಂತ ನಿನ್ನ ಕಾಗದದಿಂದ ಗೊತ್ತಾಯಿತು. ಸರ್‌ಗೆ ಮಾತ್ರ ಅವರ ಕೋಣೆಯಲ್ಲಿ ಕೂತು ಹೇಳಿದ್ದಾಳೆ, ನನ್ನನ್ನು ಕೇಳಿಯೇ.

ನೀನು ಬೋರ್ಡು ಹಾಕಿಸಿದೆ, ನಾನು ಅದಕ್ಕೆ ಕಾವಲು ನಿಂತೆ. ಈಗ ನೀನೊಬ್ಬನೇ ಎಲ್ಲ ಹೊತ್ತುಕೊಂಡು ಕ್ಲಿನಿಕ್ಕಿಗೆ ಓಡುವುದು ಬೇಡ.

ನಿನ್ನ ಅಕ್ಕ

*

ಜುಲೈ 25

ಅಕ್ಕಾ,

ಅಮ್ಮನ ಬಾಯಿಯಲ್ಲಿ ಹಲ್ಲಿಲ್ಲದ ಜಾಗವನ್ನು ನಾನು ಬಂದ ದಿನವೇ ನೋಡಿದೆ. ಈಚೆಗೆ ಕಿತ್ತದ್ದೆಂದು ನೋಡಿದರೇ ಗೊತ್ತಾಗುತ್ತಿತ್ತು. ನೀನು ಹೇಳುತ್ತೀಯ ಅಂತ ಕಾದೆ. ನಾನೇ ಕೇಳಬಹುದಿತ್ತು, ಕೇಳಿದರೆ ನೀನು ಬೋರ್ಡಿನ ವಿಷಯ ಎತ್ತುತ್ತೀಯ ಅಂತ ಸುಮ್ಮನಿದ್ದೆ. ಎರಡು ವಾರ ಒಂದೇ ಬೆಂಚಿನ ಮೇಲೆ ಕೂತಿದ್ದೆವಲ್ಲ ನಾವು. ಬೈಯಲು ನನ್ನ ಹತ್ತಿರ ಏನೂ ಉಳಿದಿಲ್ಲ.

ಕೆಲಸ ಬಿಟ್ಟಿಲ್ಲ. ಆ ಹುಡುಗಿಯನ್ನು, ಇನ್ನು ಆಮೆ ಅನ್ನುವುದಿಲ್ಲ, ಅವಳ ಹೊಸ ಯೂನಿಟ್ಟಿಗೆ ಹುಡುಕಿಕೊಂಡು ಹೋದೆ. ಯೂನಿಟ್ಟಿನ ಎಲ್ಲರೂ ಇದ್ದರು. "ನಿಮಗೆ ಹೆಸರಿಟ್ಟು ಕರೆದದ್ದು ನನ್ನ ತಪ್ಪು. ಆ ಮುದುಕಪ್ಪನ ವಿಷಯದಲ್ಲಿ ನೀವು ಹೇಳಿದ್ದೇ ಸರಿ" ಅಂದೆ. ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ಸರಿ ಸರ್, ನಂಗಾಗಿ ಒಬ್ರು ರೋಗಿ ಕಾಯ್ತಿದ್ದಾರೆ" ಅಂದು ಹೋದಳು. ವಾಪಸು ಬನ್ನಿ ಅಂತ ಕೇಳುವ ಹಕ್ಕು ನನಗಿರಲಿಲ್ಲ. ಅವಳು ಬರುವುದೂ ಇಲ್ಲ.

ಮಾರನೇ ದಿನ ನನ್ನ ವಾರ್ಡಿನ ಹುಡುಗರಿಗೆ ಅಮ್ಮನ ಕಥೆ ಹೇಳಿದೆ. ಈ ಸಲ ಯಾರ ಅಮ್ಮ ಅಂತಲೂ ಹೇಳಿದೆ, ಫೋನು ಮಾಡಿದವನು ಯಾರು ಅಂತಲೂ. ಒಬ್ಬ ಹುಡುಗ ಕೈಯೆತ್ತಿ, "ಸರ್, ನಾಲ್ಕನೇ ಹಾಸಿಗೆಯವ್ರ ಬಗ್ಗೆ ನೀವು ಹೇಳಿದ್ದು ನಂಗೆ ಸರಿ ಅನ್ನಿಸ್ಲಿಲ್ಲ" ಅಂದ. ನೋಡಿದೆವು. ಅವನದೇ ತಪ್ಪಾಗಿತ್ತು. ಆದರೂ ಕೇಳಿದನಲ್ಲ.

ನನ್ನ ಕಾಗದ, ನಿನ್ನ ಕಾಗದ, ಎಲ್ಲವನ್ನೂ ಅಮ್ಮನಿಗೆ ಓದಿಬಿಡು. ಮಾತು ಹೋಗಿದೆ, ಅರ್ಥವಾಗುವುದು ಹೋಗಿಲ್ಲ. ಅವಳ ಬೆನ್ನ ಹಿಂದೆ ನಾವಿಬ್ಬರೇ ತೀರ್ಮಾನ ಮಾಡಿಕೊಳ್ಳುವುದು ಸರಿಯಲ್ಲ.

ತಮ್ಮ

*

ಆಗಸ್ಟ್ 21

ತಮ್ಮಾ,

ಇಷ್ಟು ದಿನ ಬರೆಯಲಿಲ್ಲ, ಏಕೆಂದರೆ ಬರೆಯುವಂಥದ್ದು ಏನೂ ಇರಲಿಲ್ಲ. ಅಮ್ಮನಿಗೆ ಎಲ್ಲ ಓದಿದೆ. ನಿನ್ನದು ಓದುವಾಗ ನನ್ನ ಮುಖ ನೋಡುತ್ತಿದ್ದಳು, ನನ್ನದು ಓದುವಾಗ ಕಿಟಕಿಯ ಕಡೆ. ಮುಗಿದ ಮೇಲೆ ಗೋಡೆಗೆ ಮುಖ ತಿರುಗಿಸಿ ಮಲಗಿದಳು. ರಾತ್ರಿ ಊಟ ಮುಟ್ಟಲಿಲ್ಲ. ಮಾರನೇ ದಿನ ತಲೆ ಬಾಚಲು ಹೋದರೆ ಎಡಗೈಯಿಂದ ಬಾಚಣಿಗೆ ಕಿತ್ತುಕೊಂಡು ದೂರ ಎಸೆದಳು. ನಾನು ಅಂದುಕೊಂಡಿದ್ದೆ, ಅಮ್ಮ ಅಲ್ಲವೇ, ಅಳುತ್ತಾಳೆ, ತಲೆ ನೇವರಿಸುತ್ತಾಳೆ ಅಂತ. ನೀನೂ ಹಾಗೇ ಅಂದುಕೊಂಡಿರುತ್ತೀಯ. ಅವಳಿಗೆ ಸಿಟ್ಟು ಬಂತು ಕಣೋ. ತನ್ನ ಕೈ, ತನ್ನ ಮಾತು, ಅದಕ್ಕೆ ಅವಳಿಗೆ ಸಿಟ್ಟು ಬಂತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ವಾರಗಟ್ಟಲೆ ಹೊಲಿಗೆ ಯಂತ್ರದ ಸದ್ದು ಮಾತ್ರ.

ಈಗ ಮಾತು ಕಲಿಸುವ ಟೀಚರಮ್ಮ ವಾರಕ್ಕೊಮ್ಮೆ ಬರುತ್ತಾರೆ. ಉಳಿದ ದಿನ ಬಿಡುವಾದಾಗ ಉದ್ದ ಕೋಟು ಬಂದು ಅಭ್ಯಾಸ ಮಾಡಿಸುತ್ತಾಳೆ. ನೀರು, ಲೋಟ, ಬಾ, ಹೋಗು, ಸುಲಭದ ಮಾತುಗಳು. ಅಮ್ಮನಿಗೆ ಒಂದೂ ಬರುತ್ತಿರಲಿಲ್ಲ, ಬಾಯಿ ತೆರೆದರೆ ಬರೀ ಗಾಳಿ. ಬೇಕೆಂದೇ ಪ್ರಯತ್ನಿಸುತ್ತಿಲ್ಲವೇನೋ ಅಂತ ನನಗೆ ಅನುಮಾನವಿತ್ತು. ಹುಡುಗಿ ಮಾತ್ರ, "ಅವ್ರಿಗೆ ಬೇರೆ ಏನೋ ಹೇಳ್ಬೇಕಿದೆ ಆಂಟೀ, ನಾವು ಕೊಡೋ ಪದ ಅವ್ರಿಗೆ ಬೇಡ" ಅಂದಳು. ಅಂದವಳೇ ಲೋಟದ ಚಿತ್ರ ಪಕ್ಕಕ್ಕಿಟ್ಟು, "ಅಜ್ಜೀ, ನಿಮಗೇನು ಬೇಕೋ ಅದನ್ನೇ ಹೇಳಿ" ಅಂತ ಕಾದು ಕೂತಳು.

ಅಮ್ಮನ ಬಾಯಿ ಎಷ್ಟೋ ಹೊತ್ತು ಸೊಟ್ಟ ಸೊಟ್ಟವಾಗಿ ತಿರುಗಿತು. ಕ, ಕ, ಅಂತ ಶುರುವಾಗಿ ನಿಂತುಹೋಗುತ್ತಿತ್ತು. ಹಣೆಯಲ್ಲಿ ಬೆವರು. ನಾನು ಸಾಕು ಅನ್ನಲು ಎದ್ದೆ. ಅಷ್ಟರಲ್ಲಿ ಎಡಗೈಯೆತ್ತಿ ನೇರ ನನ್ನ ಕಡೆ ಬೆರಳು ತೋರಿಸಿ, ಸ್ಪಷ್ಟವಾಗಿ, ಹಳೆಯ ದನಿಯಲ್ಲೇ ಅಂದಳು.

"ಕತ್ತೆ!"

ಹುಡುಗಿ ಕುರ್ಚಿಯಿಂದ ಹಾರಿದಳು. ನಾನು ಹೊಲಿಯುತ್ತಿದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ, ನಕ್ಕೆ, ಯಾವುದು ಎಷ್ಟೋ ಗೊತ್ತಿಲ್ಲ. ಅಮ್ಮ ನಗಲಿಲ್ಲ. ಅವಳ ಕೆಲಸ ಮುಗಿದಿರಲಿಲ್ಲ. ಗೋಡೆಯ ಮೇಲಿನ ನಿನ್ನ ಫೋಟೋದ ಕಡೆ ಕೈ ತಿರುಗಿಸಿದಳು, ಮತ್ತೆ ಬಾಯಿ ತೆರೆದಳು. ಅದೇ ಬೈಗುಳ ಬಂತು, ಆದರೆ ಫೋಟೋಗೆ ಹೇಳಿದರೆ ಅವಳಿಗೆ ಸಮಾಧಾನವಾಗುತ್ತಿಲ್ಲ. ನಿನ್ನೆಯಿಂದ ಬಾಗಿಲ ಕಡೆ ನೋಡುತ್ತಿದ್ದಾಳೆ. "ಅವನು ಬರಬೇಕಾ?" ಅಂತ ಕೇಳಿದರೆ ಹೌದೆಂದು ತಲೆಯಾಡಿಸುತ್ತಾಳೆ. "ಬೈಯೋಕಾ?" ಅಂದರೆ ಇನ್ನೂ ಜೋರಾಗಿ ಆಡಿಸುತ್ತಾಳೆ.

ರಜೆ ಹಾಕಿ ಬಾ.

ನಿನ್ನ ಅಕ್ಕ